ಚಳಿಗಾಲದ ಕೈತೋಟ: ಪದೇ ಪದೇ ಕೇಳುವ ಪ್ರಶ್ನೆಗಳು

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಯಿತು ಅಂದರೆ ಈ ಪ್ರಶ್ನೆಗಳು ಶುರುವಾಗುತ್ತವೆ. ತರಕಾರಿ ಗಾಡಿಯ ಹತ್ತಿರ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ರಾತ್ರಿ ಫೋಟೋ ಕಳಿಸಿ ಕೇಳುತ್ತಾರೆ. ಕೇಳಿದವರಲ್ಲಿ ಜಾಸ್ತಿ ಜನ ಬೆಂಗಳೂರಿನ ತಾರಸಿ ಮತ್ತು ಬಾಲ್ಕನಿ ತೋಟದವರು. ಕರಾವಳಿ, ಬಯಲುಸೀಮೆ, ಹೊರದೇಶದವರ ಪ್ರಶ್ನೆಗಳು ಕೊನೆಯ ಭಾಗದಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಚಳಿಗಾಲದವರಿಗೆ

ಬೆಂಗಳೂರಲ್ಲಿ ಹಿಮ ಬೀಳಲ್ಲ, ಏನಿಲ್ಲ. ಚಳಿಗಾಲ ಅಂತ ಗಿಡಕ್ಕೆ ಬೇರೆ ಏನಾದ್ರೂ ಮಾಡ್ಬೇಕಾ?

ಹೊದಿಕೆ ಹೊದಿಸುವ ಕೆಲಸವೇನೂ ಇಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿ ಸಾಮಾನ್ಯವಾಗಿ 15-16 ಡಿಗ್ರಿ ಇರುತ್ತದೆ. ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದು 1884ರ ಜನವರಿಯದು. 15 ಡಿಗ್ರಿಗೆ ನಮ್ಮ ಮನೆಗಳ ಗಿಡ ಸಾಯುವುದಿಲ್ಲ. ಬೆಳೆಯುವುದನ್ನು ನಿಧಾನ ಮಾಡಿ ಸುಮ್ಮನೆ ಕೂರುತ್ತದೆ, ಅಷ್ಟೆ.

ನಿಜವಾಗಿ ಬದಲಾಗುವುದು ಬಿಸಿಲು ಬೀಳುವ ಜಾಗ ಮತ್ತು ಮಣ್ಣು ಒಣಗುವ ವೇಗ. "ಚಳಿಗೆ ಗಿಡ ಹೀಗಾಯ್ತು ನೋಡಿ" ಅಂತ ಬರುವ ದೂರುಗಳನ್ನು ಸ್ವಲ್ಪ ಕೆದಕಿದರೆ ಬಹಳಷ್ಟು ಸಲ ಸಿಗುವುದು ನೆರಳು, ಇಲ್ಲವೇ ಜಾಸ್ತಿ ನೀರು. ಪಾಪ, ಚಳಿಗೆ ಸುಮ್ನೆ ಕೆಟ್ಟ ಹೆಸರು.

ಮಳೆಗಾಲದಲ್ಲಿ ಚೆನ್ನಾಗಿ ಬಿಸಿಲು ಬೀಳ್ತಿದ್ದ ಕುಂಡಕ್ಕೆ ಈಗ ಬಿಸಿಲೇ ಇಲ್ಲ. ಪಕ್ಕದವರು ಏನೂ ಕಟ್ಟಿಸಿಲ್ಲ, ಮತ್ತೆ ಹೇಗೆ?

ಸೂರ್ಯ ದಕ್ಷಿಣಕ್ಕೆ ಸರಿದಿದ್ದಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆ ದಿನ ನೆಟ್ಟಗೆ ನಿಲ್ಲಿಸಿದ ಕೋಲಿಗೂ ನೆರಳಿರುವುದಿಲ್ಲ. ಡಿಸೆಂಬರ್ 21-22ರ ಹೊತ್ತಿಗೆ ಅದೇ ಸೂರ್ಯ ಮಧ್ಯಾಹ್ನದಲ್ಲೂ ಸುಮಾರು 54 ಡಿಗ್ರಿ ಎತ್ತರದಲ್ಲಿ, ದಕ್ಷಿಣದ ಕಡೆ ವಾಲಿ ನಿಂತಿರುತ್ತಾನೆ.

ತಾರಸಿಯವರಿಗೆ ಇದರಿಂದ ಆಗುವ ತೊಂದರೆ ನೋಡಿ. ದಕ್ಷಿಣದ ಪ್ಯಾರಪೆಟ್ ಗೋಡೆ ಮೂರು ಅಡಿ ಎತ್ತರ ಇದ್ದರೆ, ಅದರ ನೆರಳು ಮಧ್ಯಾಹ್ನದಲ್ಲೇ ಎರಡು ಅಡಿಗಿಂತ ಜಾಸ್ತಿ ಒಳಗೆ ಬರುತ್ತದೆ. ಬೆಳಗ್ಗೆ, ಸಂಜೆ ಇನ್ನೂ ಉದ್ದ. ಅಂದರೆ ಆ ಗೋಡೆಗೆ ಒತ್ತಿಕೊಂಡು ನೆಲದ ಮೇಲೆ ಕೂತ ಕುಂಡಕ್ಕೆ ಇಡೀ ದಿನ ಬಿಸಿಲಿಲ್ಲ. ಇದು ಅಕ್ಟೋಬರ್‌ನಿಂದ ಫೆಬ್ರವರಿವರೆಗೂ ಹೆಚ್ಚುಕಡಿಮೆ ಹೀಗೇ. ಆ ಕುಂಡಗಳನ್ನು ಸ್ಟ್ಯಾಂಡ್ ಮೇಲೆ ಎತ್ತಿಡಿ, ಅಥವಾ ಉತ್ತರದ ಗೋಡೆಯ ಕಡೆಗೆ ಸಾಗಿಸಿ. ಉತ್ತರದ ಗೋಡೆಯ ಒಳಮುಖ ದಕ್ಷಿಣಕ್ಕೆ ತೆರೆದಿರುವುದರಿಂದ ಈಗ ತಾರಸಿಯ ಒಳ್ಳೆಯ ಜಾಗ ಅದೇ. ಅಪಾರ್ಟ್‌ಮೆಂಟಿನವರಿಗೂ ಇದೇ ಲೆಕ್ಕ. ದಕ್ಷಿಣದ ಬಾಲ್ಕನಿ ಇರುವವರಿಗೆ ಈಗ ಸುಗ್ಗಿ, ಉತ್ತರದ ಬಾಲ್ಕನಿಯವರಿಗೆ ಮಾರ್ಚ್ ಕಳೆಯುವವರೆಗೆ ಎಲೆಗಿಡಗಳೇ ಗತಿ.

ಒಂದು ಭಾನುವಾರ ಬೆಳಗ್ಗೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ತಾರಸಿಯ ಫೋಟೋ ತೆಗೆದುಕೊಳ್ಳಿ. ಯಾವ ಕುಂಡ ಎಲ್ಲಿಗೆ ಹೋಗಬೇಕು ಅನ್ನೋದು ಆ ಮೂರು ಫೋಟೋದಲ್ಲೇ ಗೊತ್ತಾಗುತ್ತದೆ.

ನೀರು ದಿನಾ ಹಾಕ್ಬೇಕಾ? ಬೆಳಗ್ಗೆನಾ, ಸಂಜೆನಾ?

ದಿನಾ ಬೇಡ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತೇವ ತಾಗಿದರೆ ಬಿಟ್ಟುಬಿಡಿ. ದೊಡ್ಡ ಕುಂಡಕ್ಕೆ ಎರಡು ಮೂರು ದಿನಕ್ಕೊಮ್ಮೆ ಸಾಕಾಗುತ್ತದೆ. ಸೊಪ್ಪಿನ ತಟ್ಟೆ, ಚಿಕ್ಕ ಕವರ್‌ಗಳಿಗೆ ಮಾತ್ರ ದಿನಾ ನೋಡಬೇಕು. ಮೇಲ್ಮಣ್ಣು ಒಣಗಿ ಬೆಳ್ಳಗೆ ಕಂಡರೂ ಒಳಗೆ ತೇವ ಇರುತ್ತದೆ. ಚಳಿಗಾಲದಲ್ಲಿ ಮೋಸ ಹೋಗುವುದು ಇಲ್ಲೇ.

ಹೊತ್ತು ಬೆಳಗ್ಗೆ ಎಂಟರಿಂದ ಹತ್ತು. ಸಂಜೆ ಹಾಕಿದರೆ ರಾತ್ರಿಯೆಲ್ಲ ಬುಡ ತಣ್ಣಗೆ ತೊಯ್ದಿರುತ್ತದೆ. ಎಲೆಗೆ ಇಬ್ಬನಿಯ ನೀರೂ ಸೇರಿಕೊಂಡು ಕೊಳೆರೋಗ ಕರೆದು ಕೂರಿಸಿದ ಹಾಗಾಗುತ್ತದೆ.

ಜೊತೆಗೆ ಬಂಗಾಳ ಕೊಲ್ಲಿಯ ಕಡೆ ಒಂದು ಕಣ್ಣಿರಲಿ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್, 2024ರಲ್ಲಿ ನವೆಂಬರ್ ಕೊನೆಗೆ ಎದ್ದ ಫೆಂಗಲ್, ಎರಡೂ ಚೆನ್ನೈ ಕಡೆ ಬಂದ ಚಂಡಮಾರುತಗಳು. ಎರಡರಲ್ಲೂ ಬೆಂಗಳೂರು ಜಿಟಿಜಿಟಿ ಮಳೆಯಲ್ಲಿ ನೆಂದು ಕೂತಿತ್ತು. ಅಂಥ ಸುದ್ದಿ ಬಂದ ಕೂಡಲೇ ಕುಂಡದ ಕೆಳಗಿನ ತಟ್ಟೆಗಳನ್ನು ತೆಗೆದುಬಿಡಿ.

ಈಗ ಏನು ಬಿತ್ತಬಹುದು? ಬೀಜದ ಪ್ಯಾಕೆಟ್ ಮೇಲೆ ಎಲ್ಲಾ "ವರ್ಷವಿಡೀ" ಅಂತಲೇ ಬರೆದಿರ್ತಾರೆ.

ಪ್ಯಾಕೆಟ್ ಮಾತು ನಂಬಬೇಡಿ. ಈಗ ಮೆಂತ್ಯೆ, ಕೊತ್ತಂಬರಿ, ಸಬ್ಬಸಿಗೆ, ಪಾಲಕ್, ಮೂಲಂಗಿ, ನವಿಲುಕೋಸು, ಕ್ಯಾರೆಟ್, ಬೀಟ್‌ರೂಟ್, ಬಟಾಣಿ, ಹೂಕೋಸು ಖುಷಿಯಾಗಿ ಬರುತ್ತವೆ. ಮೊದಲ ಸಲದವರು ಮೆಂತ್ಯೆಯಿಂದ ಶುರು ಮಾಡಿ. ಅಡುಗೆಮನೆಯ ಡಬ್ಬಿಯ ಮೆಂತ್ಯೆಯೇ ಸಾಕು. ಮೂರು ನಾಲ್ಕು ದಿನಕ್ಕೆ ಮೊಳಕೆ, ತಿಂಗಳೊಳಗೆ ಸೊಪ್ಪು. ಮೂಲಂಗಿ 40-45 ದಿನ, ನವಿಲುಕೋಸು ಸಸಿ ನೆಟ್ಟ ಮೇಲೆ 50-60 ದಿನ. ಕ್ಯಾರೆಟ್‌ಗೆ ಮೂರು ತಿಂಗಳ ತಾಳ್ಮೆ ಬೇಕು, ಜೊತೆಗೆ ಒಂದು ಅಡಿ ಆಳದ ಸಡಿಲ ಮಣ್ಣು. ಕಲ್ಲು ಸಿಕ್ಕಿದರೆ ಬೇರು ಕವಲೊಡೆಯುತ್ತದೆ. ಸಸಿ ಕಿತ್ತು ನೆಟ್ಟರೂ ಹಾಗೇ ಆಗುತ್ತದೆ, ಅದನ್ನು ಬಿತ್ತಿದ ಜಾಗದಲ್ಲೇ ಬೆಳೆಸಬೇಕು.

ಬೆಂಡೆ, ಸೌತೆ, ಹೀರೆ, ಹಾಗಲ, ದಂಟಿನ ಸೊಪ್ಪು ಈಗ ಬಿತ್ತಿದರೆ ಮೊಳೆಯಲು ತಡ ಮಾಡುತ್ತವೆ, ಮೊಳೆತರೂ ಮುದುಡಿಕೊಂಡಿರುತ್ತವೆ. ಅವಕ್ಕೆ ಸಂಕ್ರಾಂತಿ ಕಳೆಯಲಿ.

ಕೊತ್ತಂಬರಿ ಹಾಕಿ ವಾರ ಆಯ್ತು, ಒಂದೂ ಬಂದಿಲ್ಲ. ಬೀಜ ಸರಿಯಿಲ್ವಾ?

ಇನ್ನೊಂದು ವಾರ ಕಾಯಿರಿ. ಚಳಿಯಲ್ಲಿ 10-14 ದಿನ ಹಿಡಿಯುತ್ತದೆ. ದುಂಡಗಿನ ಕಾಳಿನೊಳಗೆ ಎರಡು ಬೀಜ ಇರುತ್ತವೆ. ಚಪ್ಪಲಿ ಕಾಲಲ್ಲೋ ಲಟ್ಟಣಿಗೆಯಲ್ಲೋ ಮೆಲ್ಲಗೆ ಉಜ್ಜಿ ಇಬ್ಭಾಗ ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಿ. ಪುಡಿ ಮಾಡಬೇಡಿ. ತುಂಬಾ ಹಳೆಯ ಧನಿಯಾ ಸಾರಿನ ಪುಡಿಗೇ ಇರಲಿ.

## ತುಳಸಿ, ಕರಿಬೇವು, ಹೂವು

ಉತ್ಥಾನ ದ್ವಾದಶಿಗೆ ಅಷ್ಟು ಚೆನ್ನಾಗಿತ್ತು ತುಳಸಿ, ಈಗ ಬರೀ ಕಡ್ಡಿ. ಏನೋ ಅಪಶಕುನ ಅಂತ ಅತ್ತೆ ಬೇಜಾರು ಮಾಡ್ಕೊಂಡಿದಾರೆ.

ಅತ್ತೆಯವರಿಗೆ ಸಮಾಧಾನ ಹೇಳಿ. ತುಳಸಿ ಸೆಕೆಯ ಗಿಡ. ಚಳಿಗೆ ಎಲೆ ಚಿಕ್ಕದಾಗುತ್ತದೆ, ಕಪ್ಪುಗೆಂಪು ಬಣ್ಣಕ್ಕೆ ತಿರುಗುತ್ತದೆ, ಗಿಡ ಪೂರ್ತಿ ತೆನೆ ಬಿಡುವುದಕ್ಕೆ ಹೊರಡುತ್ತದೆ. ತೆನೆ ಒಣಗಿ ಬೀಜವಾದರೆ ಗಿಡದ ಕೆಲಸ ಮುಗಿದ ಹಾಗೆ. ಅದಕ್ಕೇ ತೆನೆ ಹಸಿರಾಗಿರುವಾಗಲೇ ಚಿವುಟುತ್ತಿರಬೇಕು. ಒಂದೆರಡನ್ನು ಮಾತ್ರ ಬೀಜಕ್ಕೆ ಬಿಡಿ, ಮಾರ್ಚ್‌ನಲ್ಲಿ ಹೊಸ ಸಸಿ ಮಾಡಿಕೊಳ್ಳಬಹುದು.

ಇನ್ನೊಂದು ಮಾತು, ಮೆಲ್ಲಗೆ ಹೇಳಬೇಕಾದದ್ದು. ಪೂಜೆಯ ದಿನಗಳಲ್ಲಿ ಬುಡಕ್ಕೆ ಬೀಳುವ ಹಾಲು, ಅರಿಶಿನ ಕುಂಕುಮ, ಎಣ್ಣೆ, ಅದರ ಮೇಲೆ ದಿನಾ ಒಂದು ತಂಬಿಗೆ ನೀರು, ಇಷ್ಟೆಲ್ಲ ತಡೆದುಕೊಳ್ಳುವುದು ಚಿಕ್ಕ ಕುಂಡದ ಗಿಡಕ್ಕೆ ಕಷ್ಟ. ಬೃಂದಾವನದ ಗಿಡಕ್ಕೆ ಒಂದು ಉದ್ಧರಣೆ ನೀರು ಬಿಟ್ಟು, ಉಳಿದ ನೀರನ್ನು ಬೇರೆ ಗಿಡಕ್ಕೆ ಹಾಕಿದರೆ ಪೂಜೆಗೂ ಕೊರತೆ ಇಲ್ಲ, ಬೇರಿಗೂ ಉಸಿರು.

ಕರಿಬೇವಿನ ಎಲೆ ಹಳದಿಯಾಗಿ ಉದುರ್ತಿದೆ. ಹುಳಿ ಮಜ್ಜಿಗೆ ಹಾಕಿದ್ರೆ ಸರಿಹೋಗುತ್ತಾ?

ಡಿಸೆಂಬರ್, ಜನವರಿಯಲ್ಲಿ ಕರಿಬೇವು ಹಳೆ ಎಲೆ ಉದುರಿಸಿ ವಿಶ್ರಾಂತಿ ತೆಗೆದುಕೊಳ್ಳುತ್ತದೆ. ರೋಗ ಅಲ್ಲ. ನಿದ್ದೆ ಮಾಡುತ್ತಿರುವ ಗಿಡಕ್ಕೆ ಮಜ್ಜಿಗೆಯೂ ಬೇಡ, ಗೊಬ್ಬರವೂ ಬೇಡ. ನೀರು ಕಡಿಮೆ ಮಾಡಿ, ಬಿಸಿಲಿಗೆ ಸರಿಸಿ. ಫೆಬ್ರವರಿ ಕೊನೆಗೆ ತುದಿಗಳನ್ನು ಕತ್ತರಿಸಿ ಒಂದು ಬೊಗಸೆ ಎರೆಗೊಬ್ಬರ ಕೊಟ್ಟರೆ ಯುಗಾದಿಗೆ ಕೆಂಪು ಚಿಗುರು ಕಾಣುತ್ತದೆ. ಆಮೇಲೆ ಬೇಕಾದರೆ ಮಜ್ಜಿಗೆ ಹಾಕಿ, ಚೆನ್ನಾಗಿ ನೀರು ಬೆರೆಸಿ.

ಮಲ್ಲಿಗೆ ಹೂವೇ ಇಲ್ಲ. ಎದುರುಮನೆಯವರದ್ದು ಮಾತ್ರ ಈಗ್ಲೂ ಬಿಡ್ತಿದೆ, ಏನು ಹಾಕ್ತಾರೋ!

ಅವರದ್ದು ಕಾಕಡ ಇರಬೇಕು. ಮಾಗಿ ಮಲ್ಲಿಗೆ ಅಂತಲೂ ಕರೆಯುತ್ತಾರೆ, ಚಳಿಯಲ್ಲೇ ಚೆನ್ನಾಗಿ ಬಿಡುತ್ತದೆ, ವಾಸನೆ ಕಡಿಮೆ. ನಿಮ್ಮದು ದುಂಡು ಮಲ್ಲಿಗೆಯಾದರೆ ಈಗ ಅದರ ರಜೆ. ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ ನೀರು ಕಡಿಮೆ ಮಾಡಿ, ಒಂದೂವರೆ ಅಡಿ ಬಿಟ್ಟು ಸವರಿ, ಉಳಿದ ಎಲೆ ಕಿತ್ತುಬಿಡಿ. ನೋಡಲು ಕಷ್ಟವಾಗುತ್ತದೆ, ಆದರೂ ಮಾಡಿ. ಜನವರಿ ಕೊನೆಗೆ ಬುಡ ಕೆದಕಿ ಗೊಬ್ಬರ ಕೊಟ್ಟು ನೀರು ಶುರು ಮಾಡಿದರೆ ಮಾರ್ಚ್‌ನಿಂದ ಮೊಗ್ಗು.

ಸಂಕ್ರಾಂತಿಗೆ ಮನೆಯ ಗುಲಾಬಿ ಬೇಕು. ಯಾವಾಗ ಕತ್ತರಿಸ್ಬೇಕು?

ಕತ್ತರಿಸಿದ 45-50 ದಿನಕ್ಕೆ ಹೂವು ಬರುತ್ತದೆ. ಜನವರಿ 14-15ರಿಂದ ಹಿಂದಕ್ಕೆ ಎಣಿಸಿದರೆ ನವೆಂಬರ್ ಕೊನೆಯ ವಾರ. ಹೊರಮುಖವಾಗಿರುವ ಕಣ್ಣಿನ, ಅಂದರೆ ಚಿಗುರೊಡೆಯುವ ಗಂಟಿನ ಮೇಲೆ ಕಾಲಿಂಚು ಬಿಟ್ಟು ಓರೆಯಾಗಿ ಕತ್ತರಿಸಿ. ಒಣಗಿದ ಕಡ್ಡಿ, ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿ ಎಲ್ಲ ತೆಗೆಯಿರಿ. ಕಸಿ ಗಂಟಿನ ಕೆಳಗಿಂದ ಬರುವ ಏಳೆಲೆಯ ಚಿಗುರನ್ನು ಬುಡಸಮೇತ ಕಿತ್ತುಹಾಕಿ. ಅದು ಕಾಡು ಗುಲಾಬಿಯ ಬೇರಿನದ್ದು, ಬಿಟ್ಟರೆ ಇಡೀ ಗಿಡ ಅದರದ್ದೇ ಆಗುತ್ತದೆ. ದಿನಾಂಕ ದಾಟಿದ್ದರೆ ಚಿಂತೆ ಬೇಡ, ರಥಸಪ್ತಮಿಗೆ ಬರುತ್ತದೆ.

ಗೇಟ್ ಹತ್ತಿರದ ಸೇವಂತಿಗೆ ಬರೀ ಎಲೆ, ಅದೇ ಬುಡದಿಂದ ಕಿತ್ತು ಹಿತ್ತಲಲ್ಲಿ ನೆಟ್ಟಿದ್ದು ತುಂಬಾ ಹೂವು. ಮಣ್ಣಿನ ವ್ಯತ್ಯಾಸನಾ?

ಗೇಟ್ ಹತ್ತಿರ ಬೀದಿ ದೀಪ ಇದೆಯಾ ನೋಡಿ. ನನಗೆ ಬರುವ ಪ್ರಶ್ನೆಗಳಲ್ಲಿ ಅತ್ಯಂತ ಇಷ್ಟವಾದದ್ದು ಇದೇ.

ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಬೆಂಗಳೂರಿನಲ್ಲಿ ಜೂನ್‌ನ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನ ಹಗಲು ಸುಮಾರು 11 ಗಂಟೆ 20 ನಿಮಿಷ. ನಮಗೆ ಈ ಒಂದೂವರೆ ಗಂಟೆ ದೊಡ್ಡ ವಿಷಯ ಅನಿಸುವುದಿಲ್ಲ, ಗಿಡಕ್ಕೆ ಅದೇ ಕ್ಯಾಲೆಂಡರ್. ಎಲೆಯಲ್ಲಿರುವ ಒಂದು ವರ್ಣಕ ಕತ್ತಲು ಎಷ್ಟು ಹೊತ್ತು ಒಂದೇ ಸಮ ಇತ್ತು ಅನ್ನೋದನ್ನು ಅಳೆಯುತ್ತದೆ. ನಡುರಾತ್ರಿ ಬೆಳಕು ಬಿದ್ದರೆ ಲೆಕ್ಕ ಮುರಿದುಹೋಗುತ್ತದೆ. ರಾತ್ರಿಯೆಲ್ಲ ಉರಿಯುವ ಎಲ್‌ಇಡಿ ಕೆಳಗೆ ಗಿಡಕ್ಕೆ ಇನ್ನೂ ಜೂನ್ ತಿಂಗಳೇ. ಹೂವಿನ ಬೆಳೆಗಾರರು ಇದನ್ನೇ ಬೇಕಂತಲೇ ಮಾಡುತ್ತಾರೆ. ಹೂವು ತಡ ಆಗಲಿ ಅಂದರೆ ರಾತ್ರಿ ಬಲ್ಬ್ ಉರಿಸುತ್ತಾರೆ, ಬೇಗ ಬೇಕು ಅಂದರೆ ಕಪ್ಪು ಹೊದಿಕೆ ಹಾಕುತ್ತಾರೆ.

ಕ್ರಿಸ್‌ಮಸ್ ಹೊತ್ತಿಗೆ ಕೆಂಪಾಗುವ ಪಾಯಿನ್‌ಸೆಟ್ಟಿಯಾದ್ದೂ ಇದೇ ಕಥೆ. ದೀಪದ ಕಡೆಯ ಕೊಂಬೆ ಹಸಿರು, ಕತ್ತಲ ಕಡೆಯದು ಕೆಂಪು, ಎರಡೂ ಒಂದೇ ಗಿಡದಲ್ಲಿ ಕಾಣಸಿಗುತ್ತವೆ. ಕುಂಡವಾದರೆ ಸೆಪ್ಟೆಂಬರ್ ಕೊನೆಗೇ ಕತ್ತಲ ಜಾಗಕ್ಕೆ ಸಾಗಿಸಬೇಕು. ನೆಲದಲ್ಲಿ ನೆಟ್ಟಿದ್ದರೆ ಬೇರೆ ಜಾಗಕ್ಕೆ ಕಿತ್ತು ನೆಡುವುದೇ ದಾರಿ. ಬೀದಿ ದೀಪ ಆರಿಸಲು ಯಾರೂ ಬರುವುದಿಲ್ಲ, ಬರಲೂಬಾರದು.

ಹೂವು ಮುಗಿದ ಮೇಲೆ ಸೇವಂತಿಗೆಯನ್ನು ನಾಲ್ಕೈದು ಇಂಚು ಬಿಟ್ಟು ಕತ್ತರಿಸಿ. ಬುಡದಲ್ಲಿ ಮರಿಗಳೇಳುತ್ತವೆ. ಮುಂದಿನ ವರ್ಷದ ಗಿಡ ಅವೇ.

ಲಾಲ್‌ಬಾಗ್ ಫ್ಲವರ್ ಶೋನಲ್ಲಿ ತಂದ ಗಿಡ ಯಾಕೆ ಎರಡು ತಿಂಗಳಿಗೇ ಹೋಗ್ಬಿಡುತ್ತೆ?

ಪೆಟೂನಿಯಾ, ಡಯಾಂಥಸ್, ಸಾಲ್ವಿಯಾ ಥರದವನ್ನು ಹೆಚ್ಚಾಗಿ ಒಂದು ಋತುವಿಗೆ ಅಂತಲೇ ಬೆಳೆಸುವುದು. ಗಣರಾಜ್ಯೋತ್ಸವದ ಪ್ರದರ್ಶನದಲ್ಲಿ ನೀವು ಕೊಳ್ಳುವಾಗ ಅವು ನಡುವಯಸ್ಸು ದಾಟಿರುತ್ತವೆ. ಮಾರ್ಚ್ ಬಿಸಿಲಿಗೆ ಹೋಗುವುದು ಸಹಜ. ಹೂವಿಗಿಂತ ಮೊಗ್ಗು ಜಾಸ್ತಿ ಇರುವುದನ್ನು ಆರಿಸಿ, ಬಾಡಿದ ಹೂವು ಚಿವುಟುತ್ತಿರಿ. ಗುಲಾಬಿ, ದಾಸವಾಳ ಆದರೆ ನೆರಳುಮನೆಯಿಂದ ಬಂದಿರುತ್ತವೆ, ಒಂದು ವಾರ ಅರೆನೆರಳಲ್ಲಿಟ್ಟು ಆಮೇಲೆ ಕುಂಡ ಬದಲಿಸಿ. ತಂದ ದಿನವೇ ಕುಂಡ ಬದಲಿಸುವ ಉತ್ಸಾಹ ಬೇಡ.

## ಬೇಲಿಯಾಚೆಯ ಮಾತು

ಧನುರ್ಮಾಸ ಬಂದ್ರೆ ಬೆಳಗ್ಗೆ ಐದಕ್ಕೇ ಯಾರೋ ಹೂ ಕಿತ್ಕೊಂಡು ಹೋಗ್ತಾರೆ. ಏನ್ ಮಾಡೋದು?

ಇದು ಹುಳುವಿನ ಕಾಟಕ್ಕಿಂತ ಹಳೆಯ ಕಾಟ. ಕಾಂಪೌಂಡಿನಾಚೆ ಬಾಗಿದ ದಾಸವಾಳ, ಕಣಗಿಲೆ, ನಂದಿಬಟ್ಟಲು ಎಲ್ಲ ದೇವರದ್ದೇ ಅನ್ನುವವರು ಪ್ರತಿ ಬೀದಿಯಲ್ಲೂ ಇದ್ದಾರೆ, ಕೈಯಲ್ಲಿ ಕೊಕ್ಕೆ ಕೋಲು, ಪ್ಲಾಸ್ಟಿಕ್ ಕವರ್ ಸಮೇತ. ಜಗಳದಿಂದ ನಿಂತದ್ದು ನಾನು ನೋಡಿಲ್ಲ. ಎದುರು ಸಿಕ್ಕಾಗ "ನಮಸ್ಕಾರ ಅಂಕಲ್, ಚಳಿ ಜಾಸ್ತಿ ಅಲ್ವಾ? ನಮ್ಮ ಪೂಜೆಗೆ ನಾಲ್ಕು ಬಿಟ್ಟು ಹೋಗಿ" ಅಂದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಉಳಿದರ್ಧಕ್ಕೆ ಒಂದು ಉಪಾಯ: ಮರುದಿನ ಅರಳುವ ದಾಸವಾಳದ ದಪ್ಪ ಮೊಗ್ಗನ್ನು ಸಂಜೆಯೇ ಕಿತ್ತು ನೀರಿನ ಬಟ್ಟಲಲ್ಲಿಡಿ, ಬೆಳಗ್ಗೆ ಮನೆಯೊಳಗೇ ಅರಳುತ್ತದೆ. ರೆಂಬೆ ಮುರಿಯುವವರಿದ್ದರೆ ಮಾತ್ರ ಹೊರಚಾಚಿದ ಕೊಂಬೆಯನ್ನು ಸವರಿಬಿಡಿ.

ಕದ್ದ ಗಿಡ ಚೆನ್ನಾಗಿ ಬರುತ್ತೆ, ಥ್ಯಾಂಕ್ಸ್ ಹೇಳಿದ್ರೆ ಬರಲ್ಲ ಅಂತಾರೆ. ನಿಜಾನಾ?

ಕದಿಯುವಾಗ ಗಡಿಬಿಡಿಯಲ್ಲಿ ಸಿಕ್ಕಿದ ಗಟ್ಟಿ ಕೊಂಬೆ ಮುರಿದು, ಮನೆಗೆ ಬಂದ ತಕ್ಷಣ ಯಾರಿಗೂ ಕಾಣದ ನೆರಳಲ್ಲಿ ನೆಡುತ್ತೇವೆ. ಗೂಟ ಬೇರು ಬಿಡುವುದಕ್ಕೆ ಬೇಕಾದದ್ದೂ ಅಷ್ಟೇ ತಾನೆ! ಕೇಳಿ ತಂದದ್ದನ್ನು ಎರಡು ದಿನ ಕಾರಿನಲ್ಲಿ ಮರೆಯುತ್ತೇವೆ. ಚಳಿಯಲ್ಲಿ ಬೇರು ನಿಧಾನ, ಕದ್ದದ್ದಾದರೂ ಕೊಂಡದ್ದಾದರೂ. ದಾಸವಾಳ, ಕಣಗಿಲೆ ಗೂಟಗಳನ್ನು ಫೆಬ್ರವರಿಗೆ ಇಟ್ಟುಕೊಳ್ಳಿ. ಮನೀಪ್ಲಾಂಟ್, ದೊಡ್ಡಪತ್ರೆ ಈಗಲೂ ಬರುತ್ತವೆ. ಥ್ಯಾಂಕ್ಸ್ ಬದಲು ಒಂದು ಹಿಡಿ ಎಳ್ಳುಬೆಲ್ಲ ಕೊಡಿ.

ನಾನು ನೀರು ಹಾಕಿದ್ರೆ ಕೆಳಗಿನ ಮನೆಯವರ ಬಟ್ಟೆ ಮೇಲೆ ಕೆಮ್ಮಣ್ಣಿನ ನೀರು. ದಿನಾ ಜಗಳ.

ತಪ್ಪು ಅವರದ್ದಲ್ಲ. ಚಳಿಗಾಲದಲ್ಲಿ ಬಟ್ಟೆ ಒಣಗುವುದೇ ಮಧ್ಯಾಹ್ನದವರೆಗೆ, ಅವರೂ ಬಿಸಿಲಿಗೇ ಕಾಯುತ್ತಿರುತ್ತಾರೆ. ಅವರು ಬಟ್ಟೆ ಹರವುವ ಮುಂಚೆ ನೀರು ಹಾಕಿ ಮುಗಿಸಿ, ಕುಂಡಕ್ಕೆ ತಟ್ಟೆ ಇಡಿ, ಕಂಬಿಯ ಹೊರಗೆ ನೇತುಹಾಕಿದ ಕುಂಡಗಳನ್ನು ಒಳಗೆ ತನ್ನಿ. ಮೊದಲ ಕೊಯ್ಲಿನ ಮೆಂತ್ಯೆ ಸೊಪ್ಪಿನ ಒಂದು ಕಟ್ಟು ಕೆಳಗಿನ ಮನೆಗೆ ಹೋದರೆ ಇನ್ನೂ ಒಳ್ಳೆಯದು.

## ಹುಳು, ರೋಗ, ತರಗೆಲೆ

ಅವರೆ ಬಳ್ಳಿ ತುದಿಯಲ್ಲಿ ಕಪ್ಪು ಹೇನು ಮುತ್ತಿದೆ. ಬೇವಿನೆಣ್ಣೆ ತಂದೆ, ಬಾಟಲಿಯಲ್ಲಿ ತುಪ್ಪದ ಥರ ಗಟ್ಟಿಯಾಗಿದೆ. ಹಾಳಾಗಿದ್ಯಾ?

ಹಾಳಾಗಿಲ್ಲ. ಬೇವಿನೆಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಡಿ. ಒಂದು ಲೀಟರ್ ಬೆಚ್ಚನೆಯ ನೀರಿಗೆ 5 ಮಿಲಿ ಎಣ್ಣೆ, ಕೆಲವು ಹನಿ ಸೋಪಿನ ದ್ರವ ಅಥವಾ ಅಂಟುವಾಳದ ನೀರು ಹಾಕಿ ಹಾಲಿನ ಹಾಗೆ ಬೆಳ್ಳಗಾಗುವವರೆಗೆ ಕುಲುಕಿ. ಎಣ್ಣೆ ತೇಲುತ್ತಿದ್ದರೆ ಹೊಡೆಯಬೇಡಿ, ಎಲೆ ಸುಡುತ್ತದೆ. ಬಿಸಿಲು ಇಳಿದ ಮೇಲೆ, ಎಲೆಯ ತಳಭಾಗಕ್ಕೆ ತಾಗುವ ಹಾಗೆ ಹೊಡೆಯಿರಿ.

ಅದಕ್ಕೂ ಮುಂಚೆ ಪೈಪಿನ ನೀರಿನಿಂದ ರಭಸವಾಗಿ ತೊಳೆದು ನೋಡಿ, ಬೆಳಗ್ಗೆ ಹೊತ್ತು. ಹೇನಿನಲ್ಲಿ ಬಹುಪಾಲು ಅಲ್ಲೇ ಉದುರುತ್ತದೆ. ಇರುವೆ ಸಾಲು ಕಂಡರೆ ಅದನ್ನೂ ತಡೆಯಿರಿ. ಹೇನಿನ ಸಿಹಿ ಅಂಟಿಗಾಗಿ ಇರುವೆಗಳೇ ಅವನ್ನು ಕಾಯುತ್ತವೆ. ಕೆಂಪಗೆ ಕಪ್ಪು ಚುಕ್ಕಿಯ ಗುಲಗಂಜಿ ಹುಳು ಕಂಡರೆ ಏನೂ ಹೊಡೆಯಬೇಡಿ, ಹೇನು ತಿನ್ನಲೆಂದೇ ಬಂದದ್ದು ಅದು.

ಗುಲಾಬಿ, ಬಟಾಣಿ ಎಲೆ ಮೇಲೆ ರಂಗೋಲಿ ಪುಡಿ ಎರಚಿದ ಹಾಗೆ ಬಿಳಿ ಬಿಳಿ.

ಬೂದಿ ರೋಗ. ಹಗಲು ಒಣಹವೆ, ರಾತ್ರಿ ತಂಪು ಇರುವ ಈ ಕಾಲವೇ ಅದಕ್ಕೆ ಹಬ್ಬ. ಉಳಿದ ಶಿಲೀಂಧ್ರಗಳ ಹಾಗೆ ಇದಕ್ಕೆ ಒದ್ದೆ ಎಲೆ ಬೇಕಿಲ್ಲ. ಕುಂಡಗಳ ನಡುವೆ ಗಾಳಿಯಾಡಲು ಬಿಡಿ, ಮುತ್ತಿದ ಎಲೆ ಕಿತ್ತುಹಾಕಿ. ಜಾಸ್ತಿಯಾದರೆ ನೀರಿನಲ್ಲಿ ಕರಗುವ ಗಂಧಕದ ಪುಡಿ, ಲೀಟರಿಗೆ 2 ಗ್ರಾಂ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬಾರದು, ಎರಡೂ ಸೇರಿದರೆ ಎಲೆ ಸೀದುಹೋಗುತ್ತದೆ.

ಬೀದಿ ತುಂಬಾ ತರಗೆಲೆ. ಗೊಬ್ಬರಕ್ಕೆ ತಗೋಬಹುದಾ? ನಮ್ಮ ಕಾಂಪೋಸ್ಟ್ ಬೇರೆ ತಣ್ಣಗೆ ಕೂತಿದೆ.

ಧಾರಾಳವಾಗಿ ತಗೊಳ್ಳಿ. ಬಾದಾಮಿ ಮರ, ಹೊಂಗೆ, ಮಳೆಮರ ಎಲ್ಲ ಈಗಿನಿಂದ ಫೆಬ್ರವರಿವರೆಗೆ ಉದುರಿಸುತ್ತವೆ. ಯಾರೋ ಗುಡ್ಡೆ ಮಾಡಿ ಬೆಂಕಿ ಇಡುವ ಮುಂಚೆ ಎರಡು ಚೀಲ ತುಂಬಿಕೊಂಡರೆ ಬೀದಿಯ ಗಾಳಿಗೂ ಉಪಕಾರ. ಬಾದಾಮಿ ಎಲೆ ದಪ್ಪ, ಮುರಿದು ಹಾಕಿ. ಅರ್ಧ ಚೀಲ ಈಗಲೇ ಕಾಂಪೋಸ್ಟಿಗೆ, ಉಳಿದದ್ದು ಬೇಸಿಗೆಯಲ್ಲಿ ಕುಂಡದ ಮೇಲೆ ಹೊದಿಸಲು.

ಕಾಂಪೋಸ್ಟ್ ಚಳಿಯಲ್ಲಿ ನಿಧಾನವೇ. ಡಬ್ಬಿಯನ್ನು ಬಿಸಿಲಿಗೆ ಸರಿಸಿ, ವಾರಕ್ಕೊಮ್ಮೆ ಮಗುಚಿ, ಒಂದು ಲೋಟ ನೀರಿಗೆ ಒಂದು ಚೂರು ಬೆಲ್ಲ, ಒಂದು ಸೌಟು ಹುಳಿ ಮಜ್ಜಿಗೆ ಕಲಸಿ ಚಿಮುಕಿಸಿ. ಅವರೆಕಾಯಿ ಸಿಪ್ಪೆ, ಹಿತಕಿದ ಸಿಪ್ಪೆ ಈ ತಿಂಗಳು ಬುಟ್ಟಿಗಟ್ಟಲೆ ಬರುತ್ತದೆ. ಅದನ್ನು ತರಗೆಲೆಯ ಜೊತೆ ಪದರ ಪದರವಾಗಿ ಹಾಕಿ, ಒಂದೇ ಸಲ ಸುರಿದರೆ ನಾರುತ್ತದೆ.

## ಪಳಗಿದ ಕೈಗಳಿಗೆ

ತಾರಸಿಯಲ್ಲಿ ಬೆಳೆದ ಅವರೆಗೆ ಮಾಗಡಿ ಅವರೆಯ ಸೊಗಡು ಯಾಕೆ ಬರಲ್ಲ?

ಮೊದಲು ಯಾವ ಬೀಜ ಹಾಕಿದ್ದೀರಿ ನೋಡಿ. ಹಳೆಯ ನಾಟಿ ಅವರೆ ಹಗಲು ಗಿಡ್ಡವಾದ ಮೇಲೆಯೇ ಹೂ ಬಿಡುವಂಥದ್ದು. ರಾಗಿ ಹೊಲದ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಮುಂಗಾರಿಗೆ ಬಿತ್ತಿದರೂ ಕಾಯಿ ಬರುವುದು ಮಾಗಿಯಲ್ಲೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಗಿಡ ಕುಳ್ಳಗಿರುತ್ತದೆ, ಯಾವಾಗ ಬಿತ್ತಿದರೂ ಕಾಯಿ ಬಿಡುತ್ತದೆ. ಕುಂಡಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸೊಗಡಿನ ವಿಷಯದಲ್ಲಿ ಮಾತ್ರ ನನ್ನ ಮೂಗಿನ ತೀರ್ಪು ನಾಟಿ ಬಳ್ಳಿಯ ಕಡೆಗೆ.

ಸೊಗಡು ಇರುವುದು ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಅಂಟಿನಲ್ಲಿ. ಕಾಯಿ ಮುಟ್ಟಿದರೆ ಬೆರಳಿಗೆ ಹತ್ತುತ್ತದಲ್ಲ, ಅದೇ. ಇಬ್ಬನಿ ಬಿದ್ದ ಕಾಯಿಗೇ ಸೊಗಡು ಅಂತ ಹಿರಿಯರು ಹೇಳುತ್ತಾರೆ. ತಾರಸಿಯಲ್ಲಿ ನೆರಳು ಬಲೆಯ ಕೆಳಗೆ ಬೆಳೆಸಿದರೆ ಇಬ್ಬನಿ ಎಲ್ಲಿಂದ ಬೀಳಬೇಕು? ಬಳ್ಳಿಯನ್ನು ಬಲೆಯಿಂದ ಆಚೆ ಹಬ್ಬಿಸಿ, ಕಾಯಿ ಕಟ್ಟಿದ ಮೇಲೆ ಪೈಪಿನಿಂದ ತೊಳೆಯುವುದನ್ನು ಬಿಡಿ, ಬೆಳಗ್ಗೆ ಬೇಗ ಬಿಡಿಸಿ ಅವತ್ತೇ ಸಾರು ಮಾಡಿ. ಬೀದಿ ದೀಪದ ಮಾತು ನಾಟಿ ಅವರೆಗೂ ಅನ್ವಯಿಸುತ್ತದೆ.

ಡ್ರಮ್‌ನಲ್ಲಿರೋ ಮಾವು ಹೂ ಬಿಟ್ಟಿದೆ. ಪಾಪ ಅಂತ ನೀರು ಜಾಸ್ತಿ ಹಾಕ್ತಿದೀನಿ.

ಪಾಪ ಅನ್ನಬೇಡಿ. ಮಾವಿಗೆ ಹೂ ಬರುವುದೇ ನವೆಂಬರ್, ಡಿಸೆಂಬರ್‌ನ ಒಣ ತಂಪಿನಿಂದ. ಆ ಹೊತ್ತಿನಲ್ಲಿ ನೀರು, ಗೊಬ್ಬರ ಹೆಚ್ಚಾದರೆ ಹೂವಿನ ಬದಲು ಚಿಗುರು ಬರುತ್ತದೆ. ಡ್ರಮ್ ಆದ್ದರಿಂದ ಪೂರ್ತಿ ಒಣಗಿಸಲಾಗದು, ಎಲೆ ಜೋಲುವ ಮುಂಚೆ ಸ್ವಲ್ಪ ಕೊಡಿ. ಕಾಯಿ ಬಟಾಣಿ ಗಾತ್ರವಾದ ಮೇಲೆ ನೀರು ಮೆಲ್ಲಗೆ ಹೆಚ್ಚಿಸಿ. ಹೂಗೊಂಚಲು ಅಂಟಂಟಾಗಿ, ಮುಟ್ಟಿದರೆ ಚಿಟಚಿಟ ಹಾರುವ ಹುಳು ಇದ್ದರೆ ಅದು ಜಿಗಿಹುಳು. ಬೇವಿನೆಣ್ಣೆಯನ್ನು ಹೂ ಅರಳುವ ಮುಂಚೆಯೇ ಹೊಡೆದಿರಬೇಕು. ಅರಳಿದ ಮೇಲೆ ಪರಾಗಸ್ಪರ್ಶ ಮಾಡುವ ನೊಣ, ಜೇನು ಬರುವುದರಿಂದ ಏನೂ ಬೇಡ.

ನಾವು ಉಡುಪಿ ಕಡೆಯವರು. ಇಲ್ಲಿ ಚಳಿಯೇ ಇಲ್ಲ, ಈ ಲೆಕ್ಕ ನಮಗೆ ನಡೆಯುತ್ತಾ?

ಬಿಸಿಲಿನ ಲೆಕ್ಕ ನಡೆಯುತ್ತದೆ, ಬೆಳೆಯ ಲೆಕ್ಕ ನಡೆಯುವುದಿಲ್ಲ. ಕರಾವಳಿಯ ರಾತ್ರಿ 20 ಡಿಗ್ರಿಯ ಆಸುಪಾಸು. ಹೂಕೋಸು, ಬಟಾಣಿಯ ಆಸೆ ಬಿಡಿ. ಬದಲಿಗೆ ನಾವು ಇಲ್ಲಿ ಮುಂದೂಡುವ ಬೆಂಡೆ, ಹರಿವೆ, ಅಲಸಂಡೆ, ಸೌತೆ, ಹಾಗಲ ಎಲ್ಲಕ್ಕೂ ನಿಮ್ಮಲ್ಲಿ ಇದೇ ಕಾಲ. ಮಟ್ಟು ಗುಳ್ಳವೂ ಮಳೆ ಮುಗಿದ ಮೇಲೆ ನೆಟ್ಟು ಈ ತಿಂಗಳುಗಳಲ್ಲೇ ಕೊಯ್ಯುವ ಬದನೆ. ಜಂಬಿಟ್ಟಿಗೆ ಮಣ್ಣು ನೀರು ಹಿಡಿಯುವುದಿಲ್ಲ, ಬುಡಕ್ಕೆ ತರಗೆಲೆ ದಪ್ಪವಾಗಿ ಹೊದಿಸಿ.

ವಿಜಯಪುರದಾಗ ಥಂಡಿ ಭಾಳ ಐತ್ರಿ, ಆದ್ರೂ ಕುಂಡಿ ಒಂದ ದಿನಕ್ಕ ಒಣಗತಾವ. ಯಾಕ್ರಿ?

ನಿಮ್ಮ ಕಡೆ ಚಳಿಯ ಜೊತೆ ಗಾಳಿಯೂ ಒಣ. ಬೀದರ್, ವಿಜಯಪುರದಲ್ಲಿ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿದರೂ ಹಗಲು ಬಿಸಿಲು ಚುರುಕು. ಬರೀ ಎರೆ ಮಣ್ಣು ತುಂಬಿದ ಕುಂಡ ಬಿರುಕು ಬಿಟ್ಟು, ಹಾಕಿದ ನೀರು ಬಿರುಕಿನಲ್ಲೇ ಇಳಿದುಹೋಗುತ್ತದೆ. ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ. ಕುಂಡಗಳನ್ನು ಒತ್ತಾಗಿ ಜೋಡಿಸಿ, ಗಾಳಿ ಬರುವ ಕಡೆ ಗೋಣಿಚೀಲ ಕಟ್ಟಿ. ಅಗಲವಾದ ಕುಂಡದಲ್ಲಿ ಒಂದು ಹಿಡಿ ಕಡಲೆ ಬಿತ್ತಿದ್ದರೆ ತುದಿ ಚಿವುಟುತ್ತಿರಿ. ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ ಜೊತೆ ಮನೆಯದೇ ಹುಳಿಹುಳಿ ಕಡಲೆ ಸೊಪ್ಪು ಸಿಗುತ್ತದೆ, ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ.

ಅಮೆರಿಕದಲ್ಲಿದೀವಿ. ಊರಿಂದ ಕರಿಬೇವಿನ ಸಸಿ ತರಬಹುದಾ? ಇರೋ ಗಿಡಾನ ಚಳಿಗೆ ಹೇಗೆ ಉಳಿಸ್ಕೊಳ್ಳೋದು?

ಸೂಟ್‌ಕೇಸಿನಲ್ಲಿ ತರಬೇಡಿ. ನಿಂಬೆ ಜಾತಿಯ ಗಿಡಗಳನ್ನು ಕೊಲ್ಲುವ ರೋಗವನ್ನು ಹರಡುವ ಒಂದು ಪುಟ್ಟ ಕೀಟಕ್ಕೆ ಕರಿಬೇವು ಇಷ್ಟದ ಮನೆ. ಅದಕ್ಕೇ ಅಲ್ಲಿ ಕಟ್ಟುನಿಟ್ಟು. ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಟೆಕ್ಸಾಸ್ ಒಳಗೂ ಕರಿಬೇವಿನ ಗಿಡ ಸಾಗಿಸಲು ನಿರ್ಬಂಧಗಳಿವೆ. ಸ್ಥಳೀಯ ನರ್ಸರಿಯಲ್ಲೇ ಕೊಳ್ಳಿ.

ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮುಂಚೆ ಗಿಡ ಒಳಗೆ ಬರಬೇಕು. ತರುವ ಮುಂಚೆ ಎಲೆಯ ತಳ, ಕಡ್ಡಿ ಎಲ್ಲ ಒರೆಸಿ. ಚಿಪ್ಪು ಹುಳು ಒಳಗೆ ಬಂದರೆ ಚಳಿಗಾಲ ಪೂರ್ತಿ ಅದರ ಸೇವೆಯೇ ಆಗುತ್ತದೆ. ದಕ್ಷಿಣದ ಕಿಟಕಿ, ಹೀಟರ್ ಗಾಳಿ ನೇರವಾಗಿ ತಾಗದ ಜಾಗ, ಬೆಳಕು ಸಾಲದಿದ್ದರೆ ಗ್ರೋ ಲೈಟ್. ಮಣ್ಣು ಒಣಗಿದ ಮೇಲಷ್ಟೇ ನೀರು. ಎಲೆ ಪೂರ್ತಿ ಉದುರಿದರೂ ಎಸೆಯಬೇಡಿ. ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ.

ಶಿವರಾತ್ರಿಗೆ ಚಳಿ ಹೋಗುತ್ತೆ ಅಂತಾರೆ. ಬೇಸಿಗೆಗೆ ಯಾವಾಗಿಂದ ತಯಾರಾಗ್ಬೇಕು?

ಶಿವರಾತ್ರಿಗೆ ಕಾಯಬೇಡಿ, ರಥಸಪ್ತಮಿಯಿಂದಲೇ ಶುರು ಮಾಡಿ. ಒಂದು ತಮಾಷೆ ಗಮನಿಸಿದ್ದೀರಾ? ಬೆಂಗಳೂರಿನಲ್ಲಿ ಸಂಜೆ ಅತಿ ಬೇಗ ಕತ್ತಲಾಗುವುದು ನವೆಂಬರ್‌ನಲ್ಲಿ, ಬೆಳಗ್ಗೆ ಸೂರ್ಯ ಅತಿ ತಡವಾಗಿ ಏಳುವುದು ಜನವರಿ ಕೊನೆಗೆ. ಹಾಗಾಗಿ ಬೆಳಗ್ಗೆ ಮಾತ್ರ ತೋಟಕ್ಕೆ ಹೋಗುವವರಿಗೆ ಚಳಿಗಾಲ ಇನ್ನೂ ಇದೆ ಅನಿಸುತ್ತಿರುತ್ತದೆ, ಅಷ್ಟರಲ್ಲಿ ಮಧ್ಯಾಹ್ನದ ಬಿಸಿಲು ಚುರುಕಾಗಿಬಿಟ್ಟಿರುತ್ತದೆ.

ಫೆಬ್ರವರಿಯಲ್ಲಿ ಕುಂಡ ಬದಲಿಸುವುದು, ಬೇರು ಸವರುವುದು, ಹೊಸ ಮಣ್ಣು ತುಂಬುವುದು ಮುಗಿಸಿ. ಸೌತೆ, ಹೀರೆ, ಬೆಂಡೆ ಬಿತ್ತಿ. ದಕ್ಷಿಣದ ಗೋಡೆಯಿಂದ ಓಡಿಸಿದ್ದ ಕುಂಡಗಳನ್ನು ಮಾರ್ಚ್ ಕೊನೆಗೆ ವಾಪಸ್ ತನ್ನಿ. ನೀರಿನ ದಾರಿ ಈಗಲೇ ಯೋಚಿಸಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂದಾಗ ತಾರಸಿ ತೋಟದವರೆಲ್ಲ ತಬ್ಬಿಬ್ಬಾಗಿದ್ದರು. ಅಕ್ಕಿ, ತರಕಾರಿ ತೊಳೆದ ನೀರಿಗೆ ಒಂದು ಬಕೆಟ್ ಅಡುಗೆಮನೆಯಲ್ಲೇ ಇಡುವ ಅಭ್ಯಾಸ ಮಾಡಿಕೊಳ್ಳಿ. ಉಪ್ಪು ಬಿದ್ದ ನೀರು, ಸೋಪಿನ ನೀರು ಅದಕ್ಕೆ ಸೇರಬಾರದು. ಆರ್‌ಒ ಯಂತ್ರ ಹೊರಬಿಡುವ ನೀರಲ್ಲಿ ಲವಣ ಜಾಸ್ತಿ. ಬೋರ್‌ವೆಲ್ ಮನೆಯವರು ಅದನ್ನು ಗಿಡಕ್ಕಿಂತ ನೆಲ ಒರೆಸಲು ಬಳಸುವುದು ವಾಸಿ.